ಊರಿನ ಹೆಸರಿಲ್ಲದ ಮೆಸೇಜು

ನಮ್ಮ ತೊಗರಿ ಬೆಳೆಗಾರರ ಗ್ರೂಪಿಗೆ ಬರುವ ಸ್ಪ್ಯಾಮ್‌ಗೂ ಹಂಗಾಮು ಇದೆ. ಸ್ಪ್ಯಾಮ್ ಅಂದರೆ ಯಾರೂ ಕೇಳದೆ ಬರುವ ಜಾಹೀರಾತು, ಮೋಸದ ಮೆಸೇಜು. ಜೂನ್‌ನಲ್ಲಿ ಒಂದೆರಡು ಒಳ್ಳೆ ಮಳೆ ಬಿದ್ದು ಬಿತ್ತನೆ ಶುರುವಾಯಿತೆಂದರೆ ಬೀಜದ ಮೆಸೇಜು. ‘ಎಕರೆಗೆ ಇಪ್ಪತ್ತು ಕ್ವಿಂಟಲ್ ತೊಗರಿ, ಸ್ಟಾಕ್ ಮುಗಿಯುವ ಮುಂಚೆ ಬುಕ್ ಮಾಡಿ.’ ಮಳೆ ನಂಬಿದ ಹೊಲದಲ್ಲಿ ಅದರ ಕಾಲು ಭಾಗ ಬಂದರೆ ನಮ್ಮ ಮಂದಿ ದೇವರಿಗೆ ಕಾಯಿ ಒಡೆಸುತ್ತಾರೆ. ಜುಲೈನಲ್ಲಿ ಬೆಳೆ ವಿಮೆ ಕಟ್ಟುವ ಕೊನೆ ದಿನ ಹತ್ತಿರ ಬಂದಾಗ ವಿಮೆಯ ಲಿಂಕು. ಹೂ ಬಿಡುವ ಹೊತ್ತಿಗೆ ಹೂ ಉದುರದ ಟಾನಿಕ್ಕು. ರಾಶಿ ಮಾಡುವ ಡಿಸೆಂಬರ್, ಜನವರಿಯಲ್ಲಿ ‘ನಿಮ್ಮ ತೊಗರಿ ಮನೆ ಬಾಗಿಲಲ್ಲೇ ಕೊಳ್ಳುತ್ತೇವೆ, ಗಂಜ್ ರೇಟಿಗಿಂತ ಸಾವಿರ ಜಾಸ್ತಿ’. ಗಂಜ್ ಅಂದರೆ ನಮ್ಮ ಕಡೆ ಎಪಿಎಂಸಿ ಮಾರುಕಟ್ಟೆ. ಪಿಎಂ ಕಿಸಾನ್ ಸ್ಪ್ಯಾಮ್ ಮಾತ್ರ ವರ್ಷಕ್ಕೆ ಮೂರು ಸಲ. ಎರಡು ಸಾವಿರ ರೂಪಾಯಿಯ ಕಂತಿನ ಸುದ್ದಿ ಪೇಪರಿನಲ್ಲಿ ಬಂದರೆ ಸಾಕು, ‘ನಿಮ್ಮ ಕಂತು ತಡೆಹಿಡಿಯಲಾಗಿದೆ’ ಅಂತ ಮಾರನೇ ದಿನ ಗ್ರೂಪಿನಲ್ಲಿ ಹಾಜರ್. ಕಳಿಸುವವರು ಎಲ್ಲಿ ಕೂತಿದ್ದಾರೋ ಗೊತ್ತಿಲ್ಲ. ನಮ್ಮ ಪಂಚಾಂಗವನ್ನಂತೂ ಚೆನ್ನಾಗಿ ಓದಿಕೊಂಡಿದ್ದಾರೆ.

ಗ್ರೂಪ್ ಏನಂತ ಹೇಳಿಬಿಡುತ್ತೇನೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ತೊಗರಿ ಬೆಳೆಗಾರರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಜಾಗ. ವಾಟ್ಸಾಪ್‌ನಲ್ಲಿ ಶುರುವಾಯಿತು. ಜನ ಜಾಸ್ತಿಯಾದಾಗ ಟೆಲಿಗ್ರಾಂನಲ್ಲೂ ಒಂದು ಮಾಡಿಕೊಂಡೆವು. ಯಾವ ತಳಿ ಹಾಕಿದಿರಿ, ಗಿಡ ಒಣಗಿಸುವ ನೆಟೆ ರೋಗ ಎಲ್ಲೆಲ್ಲಿ ಕಂಡಿದೆ, ಇವತ್ತು ಗಂಜ್‌ನಲ್ಲಿ ರೇಟ್ ಏನು ನಡೆದಿದೆ, ಇಷ್ಟೇ ಮಾತು. ಅಡ್ಮಿನ್‌ಗಳು ಮೂವರು. ಕೃಷಿ ಸಹಾಯಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು. ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ಒಬ್ಬ ಹುಡುಗ. ಮೂರನೆಯವನು ನಾನು. ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಚಿತ್ತಾಪುರ ತಾಲೂಕಿನಲ್ಲಿ ಅಪ್ಪನ ಹೊಲ ಇದೆ. ಕಂಪ್ಯೂಟರ್ ಗೊತ್ತಿದೆ ಅನ್ನೋ ಒಂದೇ ಕಾರಣಕ್ಕೆ ಕಸ ತೆಗೆಯುವ ಕೆಲಸ ನನ್ನ ತಲೆಗೆ ಬಂತು.

ಕಸ ಯಾಕೆ ಬರುತ್ತದೆ ಅಂದರೆ ಕಳಿಸುವವನಿಗೆ ಖರ್ಚಿಲ್ಲ. ಖರ್ಚೆಲ್ಲ ಓದುವವನದು. ಇದು ವಾಟ್ಸಾಪ್ ಕಾಲದ ರೋಗ ಅಂತ ತುಂಬ ಮಂದಿ ತಿಳಿದಿದ್ದಾರೆ. 1978ರ ಮೇ ತಿಂಗಳಲ್ಲೇ ಶುರುವಾಗಿತ್ತು. ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಗ್ಯಾರಿ ಥರ್ಕ್, ತಮ್ಮ ಹೊಸ ಮಷಿನ್ ನೋಡಲು ಬನ್ನಿ ಅಂತ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಏಟಿಗೆ ಮೆಸೇಜ್ ಕಳಿಸಿದರು. ಇವತ್ತಿನ ಇಂಟರ್ನೆಟ್ ಬೆಳೆದದ್ದು ಆ ಅರ್ಪಾನೆಟ್‌ನಿಂದಲೇ. ಓದಿದವರು ಬೈದರು. ಆದರೆ ಮಷಿನ್ ಮಾರಾಟವಾದವು, ಲಕ್ಷಾಂತರ ಡಾಲರ್ ವ್ಯಾಪಾರ ಆಯಿತು ಅಂತ ಅವರೇ ಆಮೇಲೆ ಹೇಳಿಕೊಂಡರು. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾ ಗುಂಪುಗಳಿಗೆ ಸುರಿದರು. ಅವರಿಗೂ ಬೈಗುಳ ಬಿತ್ತು. ಗಿರಾಕಿಗಳೂ ಬಂದರು.

ನನಗೆ ಇದಕ್ಕಿಂತ ಹಿಡಿಸಿದ್ದು 2008ರ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಪ್ಯಾಮ್ ಕಳಿಸುವ ಒಂದು ದೊಡ್ಡ ಜಾಲದ ಒಳಗೇ ಹೊಕ್ಕು ಲೆಕ್ಕ ತೆಗೆದರು. ಔಷಧ ಮಾರುವ ಸುಮಾರು 35 ಕೋಟಿ ಇಮೇಲ್‌ಗಳು ಹೋಗಿದ್ದವು. ಕೊಳ್ಳಲು ಮುಂದಾದವರು 28 ಮಂದಿ. 35 ಕೋಟಿಗೆ 28! ಯಾವ ಅಡತಿ ಅಂಗಡಿಯವನೂ ಇಂಥ ವ್ಯಾಪಾರಕ್ಕೆ ಇಳಿಯುವುದಿಲ್ಲ. ಇವರು ಇಳಿದರು, ಯಾಕಂದರೆ ಉಳಿದ ಕೋಟ್ಯಂತರ ಮಂದಿಯ ಟೈಮು ಹಾಳಾದದ್ದು ಅವರ ಖಾತೆಗೆ ಬೀಳುವುದೇ ಇಲ್ಲ.

ಹಾಗಾಗಿ ಸ್ಪ್ಯಾಮ್‌ಗೆ ಇದುವರೆಗೆ ಬಂದ ಮದ್ದುಗಳಲ್ಲಿ ಬಹುಪಾಲಿನ ಗುಟ್ಟು ಒಂದೇ. ಕಳಿಸುವವನಿಗೆ ಒಂದಿಷ್ಟಾದರೂ ಖರ್ಚು ಬೀಳುವಂತೆ ಮಾಡುವುದು. 1992ರಲ್ಲಿ ಸಿಂಥಿಯಾ ಡ್ವರ್ಕ್, ಮೋನಿ ನವೋರ್ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ಉಪಾಯ ಬರೆದರು. ಪ್ರತಿ ಇಮೇಲ್ ಕಳಿಸುವ ಮುಂಚೆ ಕಂಪ್ಯೂಟರ್ ಒಂದು ಸಣ್ಣ ಲೆಕ್ಕ ಬಿಡಿಸಬೇಕು. ಒಂದು ಪತ್ರ ಕಳಿಸುವವನಿಗೆ ಅದು ಗೊತ್ತೂ ಆಗುವುದಿಲ್ಲ, ಕೋಟಿ ಪತ್ರ ಕಳಿಸುವವನ ಮಷಿನ್ ಸುಸ್ತಾಗುತ್ತದೆ. ಇಮೇಲ್‌ನಲ್ಲಿ ಅದು ನೆಲೆ ಊರಲಿಲ್ಲ. ಅದೇ ಜಾತಿಯ ಉಪಾಯ ಮುಂದೆ ಬಿಟ್‌ಕಾಯಿನ್‌ಗೆ ಬುನಾದಿ ಆಯಿತು. ಸೊಟ್ಟ ಅಕ್ಷರ ಓದಿ ಟೈಪ್ ಮಾಡಿ, ಟ್ರಾಫಿಕ್ ಲೈಟ್ ಇರುವ ಚೌಕ ಒತ್ತಿ ಅಂತ ಕೇಳುವ ಕ್ಯಾಪ್ಚಾ ಕೂಡ ಇದೇ ದಾರಿಯದು. ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆ ಅಂತ ಬಿಲ್ ಗೇಟ್ಸ್ 2004ರಲ್ಲಿ ಹೇಳಿದ್ದರು. ಇರಲಿ, ಬಿಡಿ.

ಆದರೆ ಖರ್ಚು ಹಾಕಿದರೆ ಅದು ಯಾರ ತಲೆ ಮೇಲೆ ಬೀಳುತ್ತದೆ? ಇದು ನಮ್ಮ ಗ್ರೂಪ್ ನಡೆಸುತ್ತಾ ನನ್ನನ್ನು ಕಾಡಿದ ಪ್ರಶ್ನೆ.

ಟೆಲಿಗ್ರಾಂನಲ್ಲಿ ಬಾಟ್ ಹಾಕೋಣ ಅಂದ ಶಹಾಪುರದ ಹುಡುಗ. ಪುಕ್ಕಟೆ ಸಿಗುತ್ತವೆ. ಯಾವ ಪದ ಬಂದರೆ ಮೆಸೇಜ್ ಅಳಿಸಬೇಕು ಅಂತ ಪಟ್ಟಿ ಕೊಟ್ಟರೆ ಸಾಕು, ರಾತ್ರಿಯೆಲ್ಲ ಅದೇ ಕಾವಲು. ಒಂದು ಹಂಗಾಮು ಹಾಕಿ ನೋಡಿದೆವು. ಪಟ್ಟಿ ಬರೆಯಲು ಕೂತಾಗಲೇ ತೊಡಕು ಗೊತ್ತಾಯಿತು. ಸ್ಪ್ಯಾಮ್‌ನಲ್ಲಿ ಬರುವ ಪದಗಳು ಯಾವುವು? ಲೋನ್, ಸಬ್ಸಿಡಿ, ಉಚಿತ, ಖಾತೆ, ಆಧಾರ್, ಒಟಿಪಿ, ಕಂತು, ವಿಮೆ. ರೈತರ ಬಾಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಬರುವ ಪದಗಳೂ ಇವೇ. ‘ಸೊಸೈಟ್ಯಾಗ ಲೋನ್ ಕೊಡಾಕತ್ತಾರೇನ್ರಿ?’ ಅಂತ ಆಳಂದದವರೊಬ್ಬರು ಕೇಳಿದರು, ಮಾಯ. ‘ಸ್ಪ್ರಿಂಕ್ಲರ್ ಪೈಪಿನ ಸಬ್ಸಿಡಿಗಿ ಏನೇನ್ ಕಾಗದ ಬೇಕ್ರಿ?’ ಅಂತ ಒಬ್ಬರು ಕೇಳಿದರು, ಅದೂ ಮಾಯ. ಅತ್ತ ನಿಜವಾದ ಸ್ಪ್ಯಾಮ್ ‘ಲೋ.ನ್’ ಅಂತ ನಡುವೆ ಒಂದು ಚುಕ್ಕೆ ಇಟ್ಟುಕೊಂಡು ಸಲೀಸಾಗಿ ಒಳಗೆ ಬಂತು.

ಇಮೇಲ್‌ನಲ್ಲಿ ಫಿಲ್ಟರ್‌ಗಳು ಗೆದ್ದದ್ದು ಬೇರೆ ಬಗೆಯಲ್ಲಿ. 2002ರಲ್ಲಿ ಪಾಲ್ ಗ್ರಹಾಂ ಅನ್ನುವ ಪ್ರೋಗ್ರಾಮರ್ ಒಂದು ವಿಧಾನವನ್ನು ಜನಪ್ರಿಯ ಮಾಡಿದರು. ಒಂದು ಪದ ಕಂಡ ಕೂಡಲೇ ತಳ್ಳುವ ಬದಲು, ಪ್ರತಿ ಪದವೂ ಸ್ಪ್ಯಾಮ್‌ನಲ್ಲಿ ಎಷ್ಟು ಸಲ, ಒಳ್ಳೆ ಪತ್ರದಲ್ಲಿ ಎಷ್ಟು ಸಲ ಬಂದಿದೆ ಅಂತ ನೋಡಿ, ಎಲ್ಲ ಸೇರಿಸಿ ಸಂಭವದ ಲೆಕ್ಕ ಹಾಕುವುದು. ಅದಕ್ಕೆ ರಾಶಿ ರಾಶಿ ಪತ್ರಗಳ ಮಾದರಿ ಬೇಕು. ನಮ್ಮಲ್ಲಿ ತೊಗರಿ ಅನ್ನುವ ಒಂದು ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಒಂದೇ ಸಾಲಿನಲ್ಲಿ ಕನ್ನಡ, ಹಿಂದಿ, ನಮ್ಮೂರ ಉರ್ದು ಮೂರೂ ಇರುತ್ತವೆ. ಅರ್ಧಕ್ಕರ್ಧ ಮಂದಿ ಬರೆಯುವುದೇ ಇಲ್ಲ, ವಾಯ್ಸ್ ಕಳಿಸುತ್ತಾರೆ, ಹಿಂದೆ ಟ್ರ್ಯಾಕ್ಟರ್ ಸದ್ದು. ಇನ್ನು ವಾಟ್ಸಾಪ್‌ನಲ್ಲಿ ಮೆಸೇಜ್ ಬೀಗ ಹಾಕಿಕೊಂಡೇ ಓಡಾಡುವುದರಿಂದ ಕಂಪನಿಗೂ ಒಳಗೇನಿದೆ ಕಾಣುವುದಿಲ್ಲ. ಯಾವ ನಂಬರು ಎಷ್ಟು ವೇಗವಾಗಿ ಎಷ್ಟು ಮಂದಿಗೆ ಕಳಿಸುತ್ತಿದೆ, ಯಾರು ದೂರು ಕೊಟ್ಟರು ಅಂತ ನೋಡಿ ಅದು ಅಂದಾಜು ಮಾಡಬೇಕು. ನಾವು ರಿಪೋರ್ಟ್ ಒತ್ತಿದಾಗ ಆ ನಂಬರಿನಿಂದ ನಮಗೆ ಬಂದ ಕೊನೆಯ ಐದು ಮೆಸೇಜ್ ಅದರ ಕೈಗೆ ಹೋಗುತ್ತವೆ. ಸುಮ್ನೆ ಬ್ಲಾಕ್ ಮಾಡಿ ಬಿಡಬೇಡಿ, ರಿಪೋರ್ಟ್ ಕೂಡ ಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬಾಟ್ ಇದ್ದ ಆ ಹಂಗಾಮಿನಲ್ಲೇ ಒಂದು ನಂಬರು ಗ್ರೂಪಿಗೆ ಸೇರಿತು. ಫೋಟೋ ಇಲ್ಲ. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. ಸೇರಿದ ಕೂಡಲೇ ಮಾಡಿದ ಮೊದಲ ಕೆಲಸ ಒಂದು ಲಿಂಕ್ ಹಾಕಿದ್ದು. ಪಿಎಂ ಕಿಸಾನ್ ಹೆಸರಿನ ಕಳ್ಳ ಲಿಂಕು. ಬಾಟ್ ಕ್ಷಣದಲ್ಲಿ ಹೊರಗೆ ಹಾಕಿತು. ಅದರ ಕೆಲಸ ಅದು ಮಾಡಿತು, ಯಾವ ಅಡ್ಮಿನ್ ಇದ್ದರೂ ಅದನ್ನೇ ಮಾಡುತ್ತಿದ್ದ. ಮಾರನೇ ದಿನ ಹಿರಿಯರ ಫೋನಿಗೆ ಅದೇ ನಂಬರಿನಿಂದ ವಾಯ್ಸ್ ಬಂತು. ಚಿಂಚೋಳಿ ಕಡೆಯ ತಾಂಡಾದ ಹೆಣ್ಣುಮಗಳು. ಮಗನ ಹಳೇ ಫೋನು, ಹೊಸ ಸಿಮ್ಮು. ‘ಸರ, ಈ ಲಿಂಕ್ ಖರೇ ಅದ ಏನ್ ಸುಳ್ಳದ ಕೇಳ್ಬೇಕಂತ ಗ್ರೂಪಿನ್ಯಾಗ ಹಾಕ್ದೆ. ಮುಂದಿಂದು ಮಾತಾಡ್ಬೇಕಂದ್ರ ಗ್ರೂಪೇ ಕಾಣವಲ್ದು.’

ಅವರು ಮಾಡಿದ್ದು ನಾವು ಎಲ್ಲರೂ ಮಾಡಲಿ ಅಂತ ಬಯಸುವ ಕೆಲಸ. ಒತ್ತುವ ಮುಂಚೆ ಕೇಳಿದರು. ಕೇಳುವುದಕ್ಕೆ ಲಿಂಕ್ ತೋರಿಸಬೇಕಲ್ವಾ? ತೋರಿಸಿದರೆ ಅದು ಸ್ಪ್ಯಾಮ್. ಹೊಸ ನಂಬರು, ಫೋಟೋ ಇಲ್ಲದ ಖಾತೆ, ಮೊದಲ ಮೆಸೇಜಿನಲ್ಲೇ ಲಿಂಕ್. ಕಳ್ಳನನ್ನು ಹಿಡಿಯಲು ಇಟ್ಟ ಗುರುತುಗಳೆಲ್ಲ ಮೊದಲ ಸಲ ಫೋನ್ ಹಿಡಿದವರ ಮೈಮೇಲೂ ಇರುತ್ತವೆ. ಅತ್ತ ಕಳ್ಳ ಅಶೋಕ ಚಕ್ರದ ಫೋಟೋ ಹಾಕಿಕೊಂಡು, ‘ಪ್ರಿಯ ರೈತ ಬಾಂಧವರೇ’ ಅಂತ ತಪ್ಪಿಲ್ಲದ ಕನ್ನಡದಲ್ಲಿ ಬರುತ್ತಾನೆ. ನಮ್ಮ ಕಡೆ ಯಾರೂ ಯಾರನ್ನೂ ಬಾಂಧವರೇ ಅಂತ ಕರೆಯುವುದಿಲ್ಲ, ಅದೊಂದೇ ಸುಳಿವು.

ತೊಗರಿಯಲ್ಲಿ ಕಾಯಿಕೊರಕ ಕಂಡರೆ ಹಿರಿಯರು ಹೇಳುವ ಒಂದು ಮಾತಿದೆ. ಒಂದು ಹುಳು ಕಂಡ ತಕ್ಷಣ ಇಡೀ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಡಿ, ಗಿಡಕ್ಕೆ ಎಷ್ಟು ಹುಳು ಅಂತ ಎಣಿಸಿ. ಬೇಗ ಹೊಡೆದರೆ ಹುಳು ತಿನ್ನುವ ಹುಳುವೂ ಸಾಯುತ್ತದೆ, ಉಳಿದ ಕೊರಕಕ್ಕೆ ಎಣ್ಣೆ ರೂಢಿಯಾಗಿಬಿಡುತ್ತದೆ. ಬೆಳೆದ ಹುಳು ಇದ್ದರೆ ಸಾಲಿನ ನಡುವೆ ಹಳೇ ಸೀರೆ ಹಾಸಿ ಗಿಡ ಅಲುಗಾಡಿಸಿ, ಉದುರುತ್ತವೆ, ಆರಿಸಿ ತೆಗೆಯಿರಿ. ಬಾಟ್ ತೆಗೆಯೋಣ ಅಂತ ಅವರು ಹಟ ಹಿಡಿದದ್ದು ಈ ಮಾತು ಹೇಳಿಯೇ. ತೆಗೆದೆವು. ಕೈಯಿಂದ ಆರಿಸುವುದಕ್ಕೆ ಬೆನ್ನು ನೋಯುತ್ತದೆ ಅನ್ನೋದು ಬೇರೆ ವಿಷಯ.

ಬಾಟ್ ಹೋದ ಮೇಲೆ ಒಂದು ನಿಯಮ ತಂದೆವು. ಯಾವ ಮಾತು ಹಾಕಿದರೂ ಊರಿನ ಹೆಸರು ಇರಬೇಕು. ರೋಗದ ಫೋಟೋ ಹಾಕಿದರೆ ಯಾವ ಊರ ಹೊಲ, ಯಾವತ್ತು ತೆಗೆದದ್ದು. ರೇಟ್ ಹಾಕಿದರೆ ಯಾವ ಗಂಜ್, ಯಾವತ್ತಿನ ರೇಟ್, ನಿಮ್ಮ ಮಾಲೋ ಬೇರೆಯವರದೋ. ಯೋಜನೆ ಸುದ್ದಿ ಹಾಕಿದರೆ ಯಾವ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಿರಿ. ಊರಿಲ್ಲದ ಮೆಸೇಜು ಒಂದು ತಾಸಿನಲ್ಲಿ ಹೋಗುತ್ತದೆ. ಹಾಕಿದವರ ಮೇಲೆ ಸಿಟ್ಟಿಲ್ಲ, ಊರು ಸೇರಿಸಿ ಮತ್ತೆ ಹಾಕಬಹುದು.

ಇದರಿಂದ ಆದ ಲಾಭ ನಾವು ಎಣಿಸಿದ್ದಕ್ಕಿಂತ ದೊಡ್ಡದು. ‘ಸರ್ಕಾರ ತೊಗರಿಗೆ ಹನ್ನೆರಡು ಸಾವಿರ ಕೊಡುತ್ತಿದೆ’ ಅನ್ನುವ ಮೆಸೇಜು ಯಾರದ್ದಾದರೂ ಫೋನಿಗೆ ಬರುತ್ತದೆ. ಫಾರ್ವರ್ಡ್ ಮಾಡುವ ಮುಂಚೆ ಯಾವ ಊರಲ್ಲಿ ಅಂತ ಬರೆಯಬೇಕು. ಅಲ್ಲಿಗೆ ಬೆರಳು ನಿಲ್ಲುತ್ತದೆ. 2024-25ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ಇತ್ತು, 2025-26ಕ್ಕೆ 8,000. ಖರೀದಿ ಕೇಂದ್ರಕ್ಕೆ ಹೋಗಿ ಬಂದವರಿಗೆ ಇದು ಗೊತ್ತೇ ಇರುತ್ತದೆ. ಊರಿನ ಹೆಸರು ಕೇಳಿದಾಗ ಆ ಹೋಗಿ ಬಂದವರ ಮಾತು ಮೇಲೆ ಬರುತ್ತದೆ. ಪ್ರತಿ ಮೆಸೇಜಿಗೆ ಸಣ್ಣ ಖರ್ಚು ಬಿತ್ತು. ಹೊಲ ಇದ್ದವನಿಗೆ ಅದು ಖರ್ಚೇ ಅಲ್ಲ, ಊರ ಹೆಸರು ಅವನ ಬಾಯಲ್ಲೇ ಇರುತ್ತದೆ.

ಆದರೂ ಕಷ್ಟದ ಭಾಗ ನಮ್ಮವರದೇ. ದೂರದ ಸಂಬಂಧದಲ್ಲಿ ನನಗೆ ಮಾಮಾ ಆಗಬೇಕಾದವರೊಬ್ಬರು ಸೇಡಂ ಕಡೆ ಇದ್ದಾರೆ. ಪುಕ್ಕಟೆ ಸೋಲಾರ್ ಪಂಪ್‌ಸೆಟ್ ಅಂತ ಒಂದು ಮೆಸೇಜ್ ಹಾಕಿದ್ದರು. ಪಿಎಂ ಕುಸುಮ್ ಯೋಜನೆ ನಿಜವೇ ಇದೆ. ಸಬ್ಸಿಡಿಯೂ ಇದೆ, ರೈತನ ಪಾಲೂ ಇದೆ, ಪುಕ್ಕಟೆ ಅಲ್ಲ. ಅದರ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ ನೋಂದಣಿ ಫೀ ಅಂತ ದುಡ್ಡು ಹೊಡೆಯುತ್ತಿದ್ದಾರೆ ಅಂತ ಕೇಂದ್ರದ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ನಾನು ಅಳಿಸಿದೆ. ಊಟದ ಹೊತ್ತಿಗೆ ಫೋನ್ ಬಂತು.

‘ಯಾಕ ತೆಗದಿಪಾ ನನ್ನ ಮೆಸೇಜು?’

‘ಅದು ಸುಳ್ಳದ ಮಾಮಾ. ಲಿಂಕ್ ಒತ್ತಿದ್ರ ದುಡ್ಡ ಹೋಗ್ತಾವ.’

‘ಸುಳ್ಳರೇ ಇರ್ಲಿ, ಖರೇರೇ ಇರ್ಲಿ. ಖರೇ ಇದ್ರ ಯಾರಿಗರೇ ಒಬ್ಬರಿಗಿ ಉಪಯೋಗ ಆಗ್ತದ. ಸುಳ್ಳಿದ್ರ ನಮ್ದೇನ್ ಹೋಗ್ತದ? ಬೆರಳ ಒತ್ತೋದಷ್ಟೇ.’

‘ನಿಮಗ ಯಾರ್ ಕಳಿಸಿದ್ರು?’

‘ಬೀಗರ ಗ್ರೂಪಿನ್ಯಾಗ ಬಂದಿತ್ತು. ಅವ್ರೇನ್ ಸುಳ್ಳ ಹೇಳೋ ಮಂದಿ ಏನ್?’

ಇದರಲ್ಲಿ ಸಿಟ್ಟು ಮಾಡುವಂಥದ್ದು ಏನೂ ಇಲ್ಲ. ಮಾಮಾ ಒಂದು ಪೈಸೆ ಲಾಭಕ್ಕೆ ಹಾಕಿದ್ದಲ್ಲ. ಊರಿಗೆ ಗೊಬ್ಬರದ ಲಾರಿ ಬಂದರೆ ನಾಲ್ಕು ಮನೆಗೆ ಹೋಗಿ ಹೇಳಿ ಬರುವ ಮನುಷ್ಯ, ಅದೇ ಉಪಕಾರ ಬುದ್ಧಿಯಿಂದ ಇದನ್ನೂ ಹಾಕಿದ್ದಾರೆ. ಆದರೆ ನಾಲ್ಕು ಮನೆಗೆ ನಡೆದು ಹೋಗುವವರು ಲಾರಿಯನ್ನು ಕಣ್ಣಾರೆ ನೋಡಿರುತ್ತಾರೆ. ಸ್ಪ್ಯಾಮ್ ಮಾಡುವವನು ಈ ಬುದ್ಧಿಯನ್ನೇ ನೆಚ್ಚಿ ಕೂತಿದ್ದಾನೆ. ಅವನು ಒಬ್ಬರಿಗೆ ಕಳಿಸಿದರೆ ಸಾಕು, ಉಳಿದದ್ದನ್ನು ಬೀಗರು, ಮಾಮಂದಿರು ಪುಕ್ಕಟೆ ಮಾಡಿಕೊಡುತ್ತಾರೆ. ಕೊನೆಗೆ ನಾನು ಹೇಳಿದ್ದು ಇಷ್ಟು: ‘ಕೃಷಿ ಆಫೀಸಿನ್ಯಾಗ ಒಮ್ಮಿ ಕೇಳಿ ಬರ್ರಿ ಮಾಮಾ, ಕೇಳಿದ್ದನ್ನ ನಿಮ್ಮ ಹೆಸರ ಹಚ್ಚಿ ವಾಯ್ಸ್ ಹಾಕ್ರಿ.’ ಹೋಗಿ ಕೇಳಿ ಬಂದರು. ಪಂಪ್‌ಸೆಟ್ಟಿಗೆ ರೈತ ಎಷ್ಟು ಕಟ್ಟಬೇಕು, ಏನೇನು ಕಾಗದ ಬೇಕು ಅಂತ ಉದ್ದಕ್ಕೆ ಮಾತಾಡಿದ್ದರು. ಆ ವಾಯ್ಸ್ ಗ್ರೂಪಿನಲ್ಲಿ ಈಗಲೂ ಪಿನ್ ಆಗಿದೆ. ಮಾಮಾ ಅದನ್ನು ಮದುವೆ ಮನೆಗಳಲ್ಲಿ ಎಲ್ಲರಿಗೂ ಕೇಳಿಸುತ್ತಾರಂತೆ, ಅದು ಬೇರೆ ತಲೆನೋವು.

ಬೆರಳು ಒತ್ತೋದಷ್ಟೇ ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ನಮ್ಮ ಪಕ್ಕದ ಜಿಲ್ಲೆ ನೋಡಿದೆ. 2018ರ ಜುಲೈ 13. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವದಂತಿ ಆಗ ದೇಶದ ತುಂಬ ಫೋನಿಂದ ಫೋನಿಗೆ ಓಡುತ್ತಿತ್ತು. ಜನ ಸಂಶಯಪಟ್ಟರು. ಕಾರು ಹೊರಟಿತು. ಕಾರಿಗಿಂತ ಮುಂಚೆ ವಾಟ್ಸಾಪ್ ಮೆಸೇಜು ಮುಂದಿನ ಊರು ಮುಟ್ಟಿತು. ಮುರ್ಕಿ ಗ್ರಾಮದಲ್ಲಿ ದಾರಿ ಅಡ್ಡಗಟ್ಟಿದರು, ಕಾರು ಉರುಳಿತು, ಗುಂಪು ಬಡಿಯಿತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತರು. ಜೊತೆಗಿದ್ದವರಿಗೆ, ಬಿಡಿಸಲು ಹೋದ ಪೊಲೀಸರಿಗೆ ಗಾಯಗಳಾದವು. ಬಂಧನವಾದವರಲ್ಲಿ ಒಬ್ಬ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಅದೇ ತಿಂಗಳ ಮೊದಲಲ್ಲಿ ಮಹಾರಾಷ್ಟ್ರದ ಧುಳೆಯಲ್ಲೂ ಇಂಥದ್ದೇ ವದಂತಿಗೆ ಐವರು ಸತ್ತಿದ್ದರು. ಮುರ್ಕಿ ಆದ ಒಂದೇ ವಾರದಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕುವುದಾಗಿ ಹೇಳಿತು. 2019ರ ಜನವರಿಯಲ್ಲಿ ಅದನ್ನೇ ಇಡೀ ಜಗತ್ತಿಗೆ ತಂದಿತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ವದಂತಿಗಳ ಹೊತ್ತಿಗೆ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು ಅಂತ ಮಾಡಿತು. ಜೋಡಿ ಬಾಣದ ಗುರುತು ಇರುತ್ತದಲ್ಲ, ಅಂಥವು. ಅದರಿಂದ ಅಂಥ ಮೆಸೇಜುಗಳ ಓಡಾಟ ಶೇಕಡಾ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿದೆ. ಯಾರ ಬಾಯಿಗೂ ಬೀಗ ಹಾಕಲಿಲ್ಲ. ಹಂಚುವವನಿಗೆ ಮತ್ತೆ ಮತ್ತೆ ಒತ್ತುವ ಸಣ್ಣ ಕಿರಿಕಿರಿ ಕೊಟ್ಟರು. ಅಷ್ಟಕ್ಕೇ ಇಷ್ಟು ಇಳಿಯುವುದಾದರೆ ನಮ್ಮ ಉಪಕಾರ ಬುದ್ಧಿಗೆ ಎಷ್ಟು ಕಡಿಮೆ ತ್ರಾಣ ಇತ್ತು ನೋಡಿ.

ಬೀದರ್ ಘಟನೆ ಆದಾಗಿನಿಂದ ಅಡ್ಮಿನ್ ಅಂದರೆ ಜೈಲು ಅನ್ನುವ ಹೆದರಿಕೆ ನಮ್ಮ ಕಡೆ ಇದೆ. ಗ್ರೂಪಿಗೆ ನಾಲ್ಕನೇ ಅಡ್ಮಿನ್ ಹುಡುಕಲು ಹೋದರೆ ‘ಬ್ಯಾಡಪ್ಪೋ, ನಾಳಿಗಿ ಯಾರರೇ ಏನರೇ ಹಾಕಿದ್ರ ನಾ ಠಾಣೆಗಿ ಹೋಗ್ಬೇಕು’ ಅನ್ನುತ್ತಾರೆ. ಸದಸ್ಯ ಹಾಕಿದ ಮೆಸೇಜಿನಲ್ಲಿ ಅಡ್ಮಿನ್‌ನ ಉದ್ದೇಶವೂ ಸೇರಿರದಿದ್ದರೆ ಅವನು ಹೊಣೆಯಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಅದೇ ದಾರಿಯಲ್ಲಿ ತೀರ್ಪು ಕೊಟ್ಟಿತು. ಆದರೆ ನಾಗಪುರದ ತೀರ್ಪು ಬಂದಾಗ ಅಡ್ಮಿನ್ ಕೈಯಲ್ಲಿ ಇದ್ದದ್ದು ಸದಸ್ಯರನ್ನು ಸೇರಿಸುವುದು, ತೆಗೆಯುವುದು, ಬೇಕಿದ್ದರೆ ಗ್ರೂಪಿಗೆ ಬೀಗ ಹಾಕುವುದು, ಅಷ್ಟೇ. ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಗುಂಡಿ ವಾಟ್ಸಾಪ್‌ನಲ್ಲಿ ಬಂದದ್ದು 2022ರಲ್ಲಿ. ಗುಂಡಿ ಬಂದ ಮೇಲೆ ‘ಅಳಿಸಬಹುದಿತ್ತಲ್ಲ, ಯಾಕೆ ಅಳಿಸಲಿಲ್ಲ’ ಅನ್ನುವ ಪ್ರಶ್ನೆಯೂ ಬಂತು. ಕೋರ್ಟ್ ಕೇಳದಿದ್ದರೂ ಊರ ಮಂದಿ ಕೇಳುತ್ತಾರೆ.

ಈಗಿನ ದೊಡ್ಡ ಕಾಟ ಎಪಿಕೆ ಫೈಲುಗಳದು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲುಗಳದು. ಪಿಎಂ ಕಿಸಾನ್ ಹೆಸರಲ್ಲಿ, ಗಾಡಿ ದಂಡದ ಚಲನ್ ಹೆಸರಲ್ಲಿ, ಮದುವೆ ಕಾರ್ಡ್ ಹೆಸರಲ್ಲಿ ಒಂದು ಫೈಲು. ಒತ್ತಿ ಇನ್‌ಸ್ಟಾಲ್ ಮಾಡಿದರೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ಒಟಿಪಿ ಅದರ ಕೈಗೆ ಹೋಗುತ್ತದೆ. ಆಮೇಲೆ ಅದೇ ಫೈಲು ಆ ನಂಬರಿನಿಂದಲೇ ಗ್ರೂಪುಗಳಿಗೆಲ್ಲ ಹೋಗುತ್ತದೆ. ಹಾಗಾಗಿ ಈ ಸ್ಪ್ಯಾಮ್ ಅಪರಿಚಿತ ನಂಬರಿನಿಂದ ಬರುವುದಿಲ್ಲ. ನಾವು ಇಷ್ಟು ದಿನ ಕೂತು ಮಾತಾಡಿದ ಮನುಷ್ಯನ ಹೆಸರಲ್ಲೇ ಬರುತ್ತದೆ.

ಒಂದು ರಾತ್ರಿ ಅಫಜಲಪುರ ಕಡೆಯ ಹಳೇ ಸದಸ್ಯರೊಬ್ಬರ ನಂಬರಿನಿಂದ ಹೀಗೆ ಫೈಲ್ ಬಂತು. ನಾನು ಮೊದಲು ಫೈಲ್ ಅಳಿಸಿ ಅವರನ್ನು ಗ್ರೂಪಿನಿಂದ ತೆಗೆದೆ. ಹಿರಿಯರು ಅವರ ಮನೆಗೆ ಫೋನ್ ಹಚ್ಚಿದರು. ಎತ್ತಿದ್ದು ಅವರ ಮನೆಯವರು. ‘ಅವ್ರು ಮಲಗ್ಯಾರ್ರೀ, ಫೋನ್ ಚಾರ್ಜಿಗಿ ಹಚ್ಚೇವಿ’ ಅಂದರು. ಫೋನ್ ಚಾರ್ಜಿಗೆ ಹಾಕಿದ ಜಾಗದಿಂದಲೇ ಊರಿಗೆಲ್ಲ ವಿಷ ಹಂಚುತ್ತಿತ್ತು! ಹಿರಿಯರು ಫೋನ್ ಇಡದೆ ಒಂದೊಂದೇ ಹೇಳಿಸಿದರು. ಮೊದಲು ಅವರನ್ನು ಎಬ್ಬಿಸಿ. ಮಗನ ಫೋನ್ ತಗೊಳ್ಳಿ. ಈ ಫೋನಿನ ನೆಟ್ ಬಂದ್ ಮಾಡಿ. ಮಗನ ಫೋನಿನಿಂದ ಸೈಬರ್ ವಂಚನೆಯ ದೂರು ತಗೊಳ್ಳುವ 1930ಕ್ಕೆ, ಆಮೇಲೆ ಬ್ಯಾ‌ಂಕಿನ ನಂಬರಿಗೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಜಾಸ್ತಿ. ಅವರ ಪುಣ್ಯ, ದುಡ್ಡು ಹೋಗಿರಲಿಲ್ಲ. ಆದರೆ ಮಾರನೇ ದಿನ ಅವರ ಬೇಜಾರು ದುಡ್ಡಿನದ್ದಲ್ಲ. ‘ಎಲ್ಲರ ಮುಂದ ನನ್ನ ತೆಗದ್ರಿ, ಮಂದಿ ಏನ್ ತಿಳ್ಕೋತಾರ?’

ಇದು ಯಾವ ಕಂಪನಿಯ ಸಹಾಯ ಪುಟದಲ್ಲೂ ಬರೆದಿರುವುದಿಲ್ಲ. ‘ಅಡ್ಮಿನ್ ಇವರನ್ನು ತೆಗೆದಿದ್ದಾರೆ’ ಅನ್ನುವ ಒಂದು ಸಾಲು ಅವರ ಪಾಲಿಗೆ ಪಂಚಾಯ್ತಿ ಕಟ್ಟೆಯಿಂದ ಎಬ್ಬಿಸಿ ಕಳಿಸಿದ ಹಾಗೆ ಕೇಳಿಸುತ್ತದೆ. ಈಗ ಇಂಥ ಸಂದರ್ಭದಲ್ಲಿ ತೆಗೆದ ಕೂಡಲೇ ಹಿರಿಯರ ವಾಯ್ಸ್ ಹೋಗುತ್ತದೆ: ಇವರ ಫೋನಿಗೆ ಕಳ್ಳ ಹೊಕ್ಕಿದ್ದಾನೆ, ಇವರ ತಪ್ಪಿಲ್ಲ, ಫೋನ್ ಸರಿಯಾದ ಮೇಲೆ ವಾಪಸ್ ಬರುತ್ತಾರೆ. ವಾಪಸ್ ಸೇರಿಸುವಾಗ ಹೆಸರು ಹೇಳಿ ಸೇರಿಸುತ್ತೇವೆ.

ಹಬ್ಬದ ಶುಭಾಶಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಎರಡಕ್ಕೂ ಗ್ರೂಪ್ ಫೋಟೋಗಳಿಂದ ತುಂಬುತ್ತದೆ. ಒಂದನ್ನು ಅಳಿಸಿ ಒಂದನ್ನು ಬಿಟ್ಟರೆ ಸಂಜೆಯೊಳಗೆ ಊರಲ್ಲಿ ಬೇರೆ ಕಥೆ ಹುಟ್ಟುತ್ತದೆ. ಹಾಗಾಗಿ ಆವತ್ತು ಯಾರು ಏನು ಹಾಕಿದರೂ ಬಿಡುತ್ತೇವೆ, ಮಾರನೇ ಬೆಳಗ್ಗೆ ಎಲ್ಲವನ್ನೂ ತೆಗೆಯುತ್ತೇವೆ. ಯಾರೂ ತಕರಾರು ಮಾಡಿಲ್ಲ. ಚುನಾವಣೆ ಬಂದಾಗ ಮಾತ್ರ ಅಡ್ಮಿನ್‌ಗಳಷ್ಟೇ ಬರೆಯುವ ಹಾಗೆ ಗ್ರೂಪಿಗೆ ಬೀಗ. ಅದಕ್ಕೆ ತಕರಾರು ಬರುತ್ತದೆ, ಬರಲಿ.

ಬಗೆಹರಿಯದೆ ಉಳಿದಿರುವುದು ಡೀಲರ್‌ಗಳ ವಿಷಯ. ಬೀಜ, ಔಷಧ ಮಾರುವ ಕೆಲವರು ಗ್ರೂಪಿನಲ್ಲಿದ್ದಾರೆ. ಯಾರೋ ಎಲೆಯ ಫೋಟೋ ಹಾಕಿದರೆ ಎಲ್ಲರಿಗಿಂತ ಮುಂಚೆ ಅವರೇ ಉತ್ತರ ಕೊಡುತ್ತಾರೆ, ಎಷ್ಟೋ ಸಲ ಸರಿಯಾದ ಉತ್ತರವನ್ನೇ. ಗೊಡ್ಡು ರೋಗ ಬಂದ ಗಿಡಕ್ಕೆ ಏನು ಹೊಡೆದರೂ ಆ ಗಿಡ ಹೂ ಬಿಡುವುದಿಲ್ಲ, ಕಿತ್ತು ಹಾಕಿ, ರೋಗ ಹರಡುವ ನುಸಿ ನೋಡಿಕೊಳ್ಳಿ ಅಂತ ತಮ್ಮ ವ್ಯಾಪಾರಕ್ಕೇ ಹೊಡೆತ ಬೀಳುವ ಮಾತು ಹೇಳಿದ ಡೀಲರ್ ಇದ್ದಾರೆ. ಕಾಯಿಕೊರಕದ ಫೋಟೋ ಬರುವುದನ್ನೇ ಕಾದು ‘ನಮ್ಮಲ್ಲಿ ಸ್ಟಾಕ್ ಇದೆ’ ಅನ್ನುವವರೂ ಇದ್ದಾರೆ. ಇಬ್ಬರೂ ಊರಿನ ಹೆಸರು ಹಾಕುತ್ತಾರೆ, ಇಬ್ಬರಿಗೂ ಹೊಲ ಇದೆ. ನಮ್ಮ ನಿಯಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೇಳಿದರೆ ಮಾತ್ರ ಉತ್ತರ, ಬ್ರ್ಯಾಂಡ್ ಬಿಟ್ಟು ಔಷಧದ ಹೆಸರು ಮಾತ್ರ ಅಂತ ಈಗ ಮಾಡಿದ್ದೇವೆ. ಪರ್ಸನಲ್ ಮೆಸೇಜಿನಲ್ಲಿ ಏನು ನಡೆಯುತ್ತದೆ ಅನ್ನೋದು ನಮಗೆ ಕಾಣುವುದಿಲ್ಲ.

ಇನ್ನು ಬಾಗಿಲ ಕೆಲಸ. ಹೊಸಬರು ಸೇರಲು ಕೇಳಿದರೆ ಒಂದು ಪ್ರಶ್ನೆ ಇಟ್ಟಿದ್ದೆವು: ನೆಟೆ ರೋಗ ಬಂದ ತೊಗರಿ ಗಿಡದ ಕಾಂಡ ಸೀಳಿದರೆ ಒಳಗೆ ಏನು ಕಾಣುತ್ತದೆ? ಕಪ್ಪು ಗೆರೆ ಅಂತ ಹೊಲ ಮಾಡಿದವರಿಗೆ ಗೊತ್ತು. ನಮ್ಮದೇ ಕ್ಯಾಪ್ಚಾ ಅಂತ ನಾನೇ ಜಂಬದಿಂದ ಹೇಳುತ್ತಿದ್ದೆ. ಈಗ ಕೃತಕ ಬುದ್ಧಿಮತ್ತೆಯ ಯಾವ ಆ್ಯಪ್ ಕೇಳಿದರೂ ಗೆರೆ, ಅದಕ್ಕೆ ಕಾರಣವಾದ ಶಿಲೀಂಧ್ರ, ಅದರ ವೈಜ್ಞಾನಿಕ ಹೆಸರು ಸಮೇತ ಹೇಳುತ್ತದೆ. ವೈಜ್ಞಾನಿಕ ಹೆಸರು ಬಂದರೆ ನಮಗೆ ಅನುಮಾನ ಶುರು. ಅತ್ತ ಈ ವರ್ಷವೇ ಮೊದಲ ಸಲ ತೊಗರಿ ಹಾಕಿದವರು, ಗಂಡ ತೀರಿದ ಮೇಲೆ ಹೊಲ ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳು ಉತ್ತರ ಗೊತ್ತಿಲ್ಲದೆ ಬಾಗಿಲಲ್ಲೇ ನಿಲ್ಲುತ್ತಾರೆ. ಗ್ರೂಪ್ ಬೇಕಾಗಿರುವುದು ಅವರಿಗೇ ಅಲ್ವಾ?

ಪ್ರಶ್ನೆ ತೆಗೆದುಬಿಡಿ, ಕೇಳಿದವರಿಗೆಲ್ಲ ನಾವೇ ಫೋನ್ ಮಾಡಿ ಎರಡು ನಿಮಿಷ ಮಾತಾಡೋಣ ಅನ್ನುತ್ತಾರೆ ಹಿರಿಯರು. ಖರ್ಚು ಯಾರಾದರೂ ಹೊರಲೇಬೇಕಾದರೆ ಬಾಗಿಲಲ್ಲಿ ನಿಂತವರ ಬದಲು ಅಡ್ಮಿನ್ ಹೊರಲಿ ಅನ್ನೋದು ಅವರ ಮಾತು. ಅಂಗಡಿಯಲ್ಲಿ ಗಿರಾಕಿ ಇದ್ದಾಗ ಆಗುವುದಿಲ್ಲ ಅಂದ ಶಹಾಪುರದ ಹುಡುಗ. ನನಗೂ ಕ್ಲಾಸ್ ಇರುತ್ತದೆ. ಕೊನೆಗೆ ತಾಲೂಕು ಹಂಚಿಕೊಂಡೆವು. ಅಫಜಲಪುರ, ಆಳಂದ, ಜೇವರ್ಗಿ ಹಿರಿಯರಿಗೆ. ಯಾದಗಿರಿ ಜಿಲ್ಲೆ ಪೂರ್ತಿ ಹುಡುಗನಿಗೆ, ಅಂಗಡಿ ಮುಚ್ಚಿದ ಮೇಲೆ. ಚಿತ್ತಾಪುರ, ಸೇಡಂ, ಚಿಂಚೋಳಿ ನನಗೆ. ಬೀದರ್ ಕಡೆಗೆ ಇನ್ನೂ ಯಾರೂ ಸಿಕ್ಕಿಲ್ಲ. ಭಾಲ್ಕಿ, ಔರಾದ್, ಹುಮನಾಬಾದ್ ಕಡೆ ತೊಗರಿ ಹಾಕಿರುವವರು, ಸಂಜೆ ಹೊತ್ತು ಫೋನಿಗೆ ಸಿಗುವವರು, ಉರ್ದು, ಮರಾಠಿ ಬಂದರೆ ಇನ್ನೂ ಒಳ್ಳೇದು, ಯಾರಾದರೂ ಇದ್ದರೆ ಹೇಳಿ. ಡೀಲರ್ ಆಗಿರಬಾರದು, ಅಷ್ಟೇ.